ಭಂಡಾರದ ಕಲೆ ಮತ್ತು 118 ಮನೆಗಳು

ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಬಿಳಿ ಅಂಗಿ ಬಿಳಿಯಾಗಿ ಮನೆಗೆ ಬರುವುದಿಲ್ಲ. ಉಧೋ ಉಧೋ ಎನ್ನುತ್ತ ತೂರಿದ ಭಂಡಾರ ಕೊರಳಪಟ್ಟಿಯಲ್ಲಿ, ತೋಳಿನಲ್ಲಿ, ಜೇಬಿನ ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಸಾಬೂನು ಹಚ್ಚಿದಿರೋ, ಹಳದಿ ಕಲೆ ಕಣ್ಣೆದುರಿಗೇ ಕೆಂಪಾಗುತ್ತದೆ. ಮತ್ತೆ ಮತ್ತೆ ಜಾಲಿಸಿದರೆ ಹಳದಿಗೆ ಮರಳುತ್ತದೆ. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಮದುಮಕ್ಕಳಿಗೆ, ಬಾಣಂತಿಗೆ ನಿವಾಳಿಸುವ ಕೆಂಪು ಆರತಿ ನೀರೂ ಅದೇ: ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಹಳೆಯ ಪದ್ಧತಿಯ ಕುಂಕುಮದ ಕೆಂಪು ಹುಟ್ಟುವುದೂ ಅರಿಶಿನ ಮತ್ತು ಸುಣ್ಣದಿಂದಲೇ.

ಇದೇ ಆಟವನ್ನು ಇನ್ನಷ್ಟು ಆಡಿ ನೋಡಬಹುದು. ಅರಿಶಿನ ಬಳಿದು ಒಣಗಿಸಿದ ಬಿಳಿ ಕಾಗದದ ಮೇಲೆ ಒಲೆಯ ಬೂದಿ ನೆನೆಸಿಟ್ಟ ತಿಳಿನೀರು ಹನಿಸಿದರೆ ಕೆಂಪು, ಬಟ್ಟೆ ಒಗೆಯುವ ಸೋಡಾ ಹನಿಸಿದರೆ ಕೆಂಪು, ಸುಣ್ಣದ ತಿಳಿ ಹನಿಸಿದರೂ ಕೆಂಪು. ಬೂದಿಯಲ್ಲಿ ಪೊಟ್ಯಾಸಿಯಂ, ಸೋಡಾದಲ್ಲಿ ಸೋಡಿಯಂ, ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ. ಈಗ ಆವರ್ತ ಕೋಷ್ಟಕವನ್ನು ತೆರೆದು ಈ ಮೂವರ ಮನೆ ಹುಡುಕಿ. ಸಂಖ್ಯೆ 11, 19, 20. ಮೂವರೂ ಎಡದಂಚಿನ ಎರಡು ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದಾರೆ. ಆ ಓಣಿಯವರ ಆಕ್ಸೈಡ್, ಹೈಡ್ರಾಕ್ಸೈಡ್‌ಗಳು ನೀರಿಗೆ ಬಿದ್ದರೆ ಪ್ರತ್ಯಾಮ್ಲವಾಗುತ್ತವೆ. ಬಲಗಡೆಯ ಇಂಗಾಲ, ರಂಜಕ, ಗಂಧಕದ ಆಕ್ಸೈಡ್‌ಗಳು ಆಮ್ಲದ ಕಡೆ ವಾಲುತ್ತವೆ. ನಡುವೆ ಕೂತ ಅಲ್ಯೂಮಿನಿಯಂ ಎರಡೂ ಕಡೆಯವರೊಂದಿಗೆ ವ್ಯವಹಾರ ಇಟ್ಟುಕೊಂಡಿದೆ. ಅದಕ್ಕೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿಯನ್ನೂ ಇಡಬಾರದು, ಸೋಡಾ ನೀರನ್ನೂ ಇಡಬಾರದು.

“ಉಪ್ಪಿನಾಗೂ ಸೋಡಿಯಂ ಐತಲ್ಲ, ಉಪ್ಪಿನ ನೀರಿಗೆ ಯಾಕ ಕೆಂಪಾಗಂಗಿಲ್ಲ?” ಎಂದು ನನ್ನ ಗೆಳತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉಪ್ಪಿನಲ್ಲಿ ಸೋಡಿಯಂಗೆ ಜೋಡಿಯಾದವನು ಬಲದಂಚಿನ ಕ್ಲೋರಿನ್. ಒಬ್ಬ ಕೊಡುವುದಕ್ಕೆ ಕಾದವನು, ಇನ್ನೊಬ್ಬ ಕೇಳುವುದಕ್ಕೆ ಕಾದವನು. ಇಬ್ಬರೂ ಸೇರಿದಾಗ ಆಮ್ಲವೂ ಇಲ್ಲ, ಪ್ರತ್ಯಾಮ್ಲವೂ ಇಲ್ಲ. ಒಂದು ಧಾತು ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಅದು ಯಾರ ಜೊತೆಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈ ಗೆಳತಿ ರಾಮದುರ್ಗದ ಕಡೆಯವಳು. ಬಿ.ಎ. ಮುಗಿಸಿದ್ದಾಳೆ. ನಾನು ಬಿ.ಎಸ್ಸಿ. ಇಬ್ಬರೂ ಸವದತ್ತಿಯಲ್ಲಿ ಒಂದೇ ಟೇಬಲ್ಲಿಗೆ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇವೆ. ಇತಿಹಾಸ, ಸಂವಿಧಾನದಲ್ಲಿ ಅವಳು ನನ್ನನ್ನು ಎಳೆದುಕೊಂಡು ಹೋಗುತ್ತಾಳೆ. ಸಾಮಾನ್ಯ ವಿಜ್ಞಾನ ಬಂದಾಗ ಮಾತ್ರ ಪುಸ್ತಕ ಮುಚ್ಚುತ್ತಾಳೆ. “ಯವ್ವಾ, ಇದನ್ನ ಹೆಂಗ ಬಾಯಿಪಾಠ ಮಾಡೂದಲೇ? ನಾ ಅಂತೂ ಈ ಮಾರ್ಕ್ಸ್ ಬಿಟ್ಟಬಿಡ್ತೀನಿ” ಎನ್ನುವುದು ಅವಳ ಮಾತು. ಒಂದೆರಡು ಅಂಕಕ್ಕೆ ಪಟ್ಟಿಯಿಂದ ಹೊರಗುಳಿದವರ ಸಂಕಟ ಇಲ್ಲಿ ಓದುವ ಎಲ್ಲರಿಗೂ ಗೊತ್ತು. ಬಿಟ್ಟುಬಿಡುವಷ್ಟು ಅಂಕ ನಮ್ಮ ಯಾರ ಬಳಿಯೂ ಇಲ್ಲ.

ಅವಳ ತಪ್ಪೂ ಇಲ್ಲ. ಹತ್ತನೇ ತರಗತಿಯ ನಂತರ ಕಲಾ ವಿಭಾಗಕ್ಕೆ ಹೋದವರಿಗೆ ಈ ಕೋಷ್ಟಕ ಮತ್ತೆ ಎದುರಾಗುವುದು ನೌಕರಿ ಪರೀಕ್ಷೆಯ ಗೈಡಿನಲ್ಲೇ. ಅದೂ ಪಾಠವಾಗಿ ಅಲ್ಲ, ಪಟ್ಟಿಯಾಗಿ: ಅತಿ ಹಗುರ ಲೋಹ ಲಿಥಿಯಂ, ದ್ರವ ಲೋಹ ಪಾದರಸ, ಅತ್ಯುತ್ತಮ ವಾಹಕ ಬೆಳ್ಳಿ. 2022–23ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ತನ್ನ ಹತ್ತನೇ ತರಗತಿಯ ಪುಸ್ತಕದಿಂದ ಧಾತುಗಳ ವರ್ಗೀಕರಣದ ಅಧ್ಯಾಯವನ್ನೇ ಕೈಬಿಟ್ಟಿತು. ಹನ್ನೊಂದನೇ ತರಗತಿಯ ರಸಾಯನಶಾಸ್ತ್ರದಲ್ಲಿ ಅದು ಉಳಿದಿದೆ. ಅಂದರೆ ವಿಜ್ಞಾನ ತೆಗೆದುಕೊಂಡವರಿಗೆ ಮಾತ್ರ. ಹೊರೆ ಇಳಿದದ್ದು ಯಾರ ತಲೆಯಿಂದಲೋ, ಏರಿದ್ದು ನನ್ನ ಗೆಳತಿಯಂಥವರ ತಲೆಗೆ. ಇನ್ನು ಕೋಚಿಂಗ್ ವಿಡಿಯೋಗಳಲ್ಲಿ ಒಂದೊಂದು ಗುಂಪಿಗೂ ಹಿಂದಿಯ ಪ್ರಾಸದ ಸಾಲು ಕಟ್ಟಿ ಕೊಡುತ್ತಾರೆ. ಹಿಂದಿ ಸರಿಯಾಗಿ ಬಾರದ ನಾವು ಮೊದಲು ಆ ಸಾಲನ್ನು ಬಾಯಿಪಾಠ ಮಾಡಿ, ಆಮೇಲೆ ಅದರೊಳಗಿನ ಧಾತುಗಳನ್ನು ಹುಡುಕಬೇಕು!

ನಾನು ಅವಳಿಗೆ ಹೇಳಿದ್ದು ನಮ್ಮ ಕೆಂಪು ಬಸ್ಸಿನ ಕಥೆ. ಪರಮಾಣುವಿನ ಹೊರಗಿನ ಕವಚ ಒಂದು ಬಸ್ಸು, ಎಲೆಕ್ಟ್ರಾನುಗಳು ಪ್ರಯಾಣಿಕರು. ಒಳಗೆಲ್ಲ ತುಂಬಿ ಒಬ್ಬ ಮಾತ್ರ ಬಾಗಿಲ ಮೆಟ್ಟಿಲಲ್ಲಿ ಜೋತುಬಿದ್ದಿದ್ದರೆ ಸಣ್ಣ ಕುಲುಕಿಗೆ ಅವನು ಕೆಳಗಿಳಿಯುತ್ತಾನೆ. ಅದು ಒಂದನೇ ಗುಂಪು: ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ. ಓಣಿಯಲ್ಲಿ ಕೆಳಗಿಳಿದಂತೆ ಬಸ್ಸು ದೊಡ್ಡದಾಗುತ್ತದೆ, ಮೆಟ್ಟಿಲಲ್ಲಿದ್ದವನು ಕಂಡಕ್ಟರ್‌ನಿಂದ ಇನ್ನೂ ದೂರ. ಆದ್ದರಿಂದ ಲಿಥಿಯಂ ನೀರಿನಲ್ಲಿ ಮೆಲ್ಲಗೆ ಗುಳ್ಳೆ ಬಿಟ್ಟರೆ, ಸೋಡಿಯಂ ಬುರ್ರೆಂದು ಓಡಾಡುತ್ತದೆ, ಪೊಟ್ಯಾಸಿಯಂಗೆ ಬೆಂಕಿಯೇ ಹತ್ತುತ್ತದೆ. ಒಂದೇ ಸೀಟು ಖಾಲಿ ಇರುವ ಬಸ್ಸು ಕ್ಲೋರಿನ್, ಯಾರನ್ನಾದರೂ ಹತ್ತಿಸಿಕೊಂಡೇ ಹೊರಡುತ್ತದೆ. ಎಲ್ಲ ಸೀಟೂ ತುಂಬಿದ ಬಸ್ಸು ಹದಿನೆಂಟನೇ ಗುಂಪು. ನೀವು ಎಷ್ಟು ಕೈ ಮಾಡಿದರೂ ನಿಲ್ಲುವುದಿಲ್ಲ. ಕೆಳಗೆ ಬೇರೆಯಾಗಿ ಬರೆದ ಎರಡು ಸಾಲು ಯಾಕೆ ಅಂದಳು. ಅವು ಊರಿನವರೇ, ಊರೊಳಗೆ ಜಾಗ ಸಾಲದೆ ತೋಟದ ಮನೆಯಲ್ಲಿದ್ದಾರೆ, ಅಷ್ಟೇ.

ಸಂಕೇತಗಳ ಗೊಂದಲವೂ ಹೀಗೇ ಬಿಡಿಸಿಕೊಳ್ಳುತ್ತದೆ. ಪೊಟ್ಯಾಸಿಯಂಗೆ ‘ಕೆ’ ಏಕೆ? ಲ್ಯಾಟಿನ್ನಿನ ಕೇಲಿಯಂ, ಅದರ ಬೇರು ಗಿಡದ ಬೂದಿಗೆ ಅರಬರು ಇಟ್ಟ ಹೆಸರು. ಪೊಟ್ಯಾಸಿಯಂ ಎಂಬ ಹೆಸರೂ ಗಡಿಗೆಯಲ್ಲಿ ತೆಗೆದ ಬೂದಿಯಿಂದಲೇ ಬಂದದ್ದು. ನಮ್ಮಜ್ಜಿ ಪಾತ್ರೆ ತಿಕ್ಕಿದ್ದು ಅದರಿಂದಲೇ. ಆಮ್ಲಜನಕ ಎಂಬ ನಮ್ಮ ಚೆಂದದ ಪದದೊಳಗೆ ಫ್ರಾನ್ಸಿನ ಲವಾಸಿಯೇ ಮಾಡಿದ ಒಂದು ತಪ್ಪು ಕೂತಿದೆ. ಎಲ್ಲ ಆಮ್ಲಗಳನ್ನೂ ಹುಟ್ಟಿಸುವುದು ಈ ಅನಿಲವೇ ಎಂದು ಆತ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ.

ಕೋಷ್ಟಕ ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಮಾತ್ರ ಪರೀಕ್ಷೆಯಲ್ಲಲ್ಲ, ನಮ್ಮ ಹೊಲದ ಮಣ್ಣಿನ ಕಾರ್ಡು ಓದುವಾಗ. 2015ರಿಂದ ರೈತರಿಗೆ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ. ರಸಸಾರ, ಲವಣಾಂಶ, ಸಾವಯವ ಇಂಗಾಲ ಬಿಟ್ಟರೆ ಉಳಿದ ಒಂಬತ್ತೂ ಕೋಷ್ಟಕದ ಮನೆಗಳೇ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸಾರಜನಕದ ಕೆಳಗಿನ ಮನೆ ರಂಜಕ, ಅದರ ಬಲಕ್ಕೆ ಗಂಧಕ. ಮ್ಯಾಂಗನೀಸ್ 25, ಕಬ್ಬಿಣ 26, ತಾಮ್ರ 29, ಸತು 30, ನಾಲ್ವರೂ ನಾಲ್ಕನೇ ಸಾಲಿನ ನಡುಮನೆಯವರು.

ನಮ್ಮ ಎರೆ ಭೂಮಿಯನ್ನು ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಇಂಥ ಮಣ್ಣು ಪ್ರತ್ಯಾಮ್ಲದ ಕಡೆಗೆ ವಾಲಿರುತ್ತದೆ. ಅಲ್ಲಿ ಕಬ್ಬಿಣ ಮತ್ತು ಸತು ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತವೆ. ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗುವುದಿಲ್ಲ. ಕಬ್ಬು, ಶೇಂಗಾದ ಎಳೆಯ ಎಲೆ ನರ ಮಾತ್ರ ಹಸಿರಾಗಿ ಉಳಿದು ನಡುವೆ ಬಿಳಿಚಿಕೊಳ್ಳುವುದು ಬಹಳ ಸಲ ಇದೇ ಕಾರಣಕ್ಕೆ. ಅದನ್ನು ಕಂಡು ಮತ್ತೊಂದು ಚೀಲ ಯೂರಿಯಾ ಚೆಲ್ಲಿದರೆ ದುಡ್ಡು ಹೋಗುತ್ತದೆ, ಎಲೆ ಹಾಗೇ ಇರುತ್ತದೆ. ಸಾರಜನಕದ ಕೊರತೆ ಮೊದಲು ಹಳೆಯ ಎಲೆಯಲ್ಲಿ ಕಾಣುತ್ತದೆ, ಕಬ್ಬಿಣದ್ದು ಹೊಸ ಎಲೆಯಲ್ಲಿ. ಸಾರಜನಕವನ್ನು ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಸಾಗಿಸಬಲ್ಲದು, ಕಬ್ಬಿಣವನ್ನು ಹಾಗೆ ಸುಲಭವಾಗಿ ಸಾಗಿಸಲಾರದು.

ಗೊಬ್ಬರದ ಚೀಲದ ಮೇಲಿನ ಅಂಕಿಗಳ ಬಗ್ಗೆಯೂ ಒಂದು ಮಾತು. ಡಿಎಪಿ 18–46–0 ಅಂದರೆ ನೂರು ಕಿಲೋದಲ್ಲಿ 46 ಕಿಲೋ ರಂಜಕ ಎಂದೇ ಅನೇಕರು ತಿಳಿದಿದ್ದಾರೆ. ಆ 46 ರಂಜಕದ ಲೆಕ್ಕವಲ್ಲ, ರಂಜಕದ ಪೆಂಟಾಕ್ಸೈಡ್ ಎಂದು ಎಣಿಸಿದ ಲೆಕ್ಕ. ಅದರ 142 ಭಾಗ ತೂಕದಲ್ಲಿ ರಂಜಕ 62 ಭಾಗ ಮಾತ್ರ, ಉಳಿದದ್ದು ಆಮ್ಲಜನಕ. ಲೆಕ್ಕ ಹಾಕಿದರೆ 50 ಕಿಲೋ ಚೀಲದಲ್ಲಿ ನಿಜವಾದ ರಂಜಕ ಸುಮಾರು 10 ಕಿಲೋ, ಸಾರಜನಕ 9 ಕಿಲೋ. ಪೊಟ್ಯಾಷ್ ಅಂಕಿಯೂ ಹೀಗೇ ಆಕ್ಸೈಡಿನ ಲೆಕ್ಕ. ಕಂಪನಿಯವರು ಮೋಸ ಮಾಡುತ್ತಿಲ್ಲ, ಅದು ಹಳೆಯ ವಾಡಿಕೆ. ಆದರೆ ಪರಮಾಣು ತೂಕ ಗೊತ್ತಿದ್ದವರಿಗೆ ಮಾತ್ರ ಬಿಡಿಸುವ ವಾಡಿಕೆ.

ಮತ್ತೆ ಅರಿಶಿನಕ್ಕೆ ಬರುತ್ತೇನೆ, ಯಾಕೆಂದರೆ ಹದಿನಾಲ್ಕನೇ ಗುಂಪಿನ ಮಾತು ಅಲ್ಲಿಗೇ ತಾಗುತ್ತದೆ. ಇಂಗಾಲ, ಸಿಲಿಕಾನ್, ಜರ್ಮೇನಿಯಂ, ತವರ, ಸೀಸ: ಒಂದೇ ಓಣಿ. ಮೇಲಿನ ಮನೆಯದು ಅಲೋಹ, ಕೆಳಗಿನವು ಪಕ್ಕಾ ಲೋಹ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದು ಇದೇ ತವರದಿಂದ. ನಮ್ಮ ಹಿರಿಯರು ಪೆನ್ಸಿಲ್ಲಿಗೆ ಸೀಸದಕಡ್ಡಿ ಅಂದರು, ಅದರಲ್ಲಿರುವುದು ಸೀಸವಲ್ಲ, ಇಂಗಾಲದ ಗ್ರಾಫೈಟ್. ಹೆಸರು ತಪ್ಪಿದರೂ ಓಣಿ ತಪ್ಪಲಿಲ್ಲ. ಕೊನೆಯ ಮನೆಯ ಸೀಸ ಮಾತ್ರ ಅಪಾಯದ್ದು. ದೇಹದೊಳಗೆ ಅದು ಕ್ಯಾಲ್ಸಿಯಂನ ವೇಷ ಹಾಕುತ್ತದೆ. ಎರಡರ ಅಯಾನಿಗೂ ಎರಡೇ ಧನಾವೇಶ. ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಮಕ್ಕಳ ಮೆದುಳಿನ ಬೆಳವಣಿಗೆಗೆ ಅಡ್ಡಬರುತ್ತದೆ.

ಬಾಂಗ್ಲಾದೇಶದಲ್ಲಿ ಅರಿಶಿನದ ಹಳದಿ ಹೊಳೆಯಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದುದನ್ನು ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ನಮ್ಮ ಗುಡ್ಡದ ಭಂಡಾರದಲ್ಲಿ ಅದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಭಂಡಾರವನ್ನು ಹಣೆಗೆ ಹಚ್ಚಿ ಚಿಟಿಕೆ ಬಾಯಿಗೂ ಹಾಕಿಕೊಳ್ಳುವವರು ನಾವು. ಬಣ್ಣ ಹಾಕಿದ ಬರೀ ಹಿಟ್ಟಾದರೆ ಸುಣ್ಣದ ನೀರಿಗೆ ಅರಿಶಿನದ ಹಾಗೆ ಕೆಂಪಾಗದು, ಅಷ್ಟು ಮನೆಯಲ್ಲೇ ತಿಳಿಯುತ್ತದೆ. ಅರಿಶಿನದ ಜೊತೆ ಸೀಸವೂ ಬೆರೆತಿದ್ದರೆ ಮಾತ್ರ ಸುಣ್ಣ ಏನೂ ಹೇಳುವುದಿಲ್ಲ, ಕೆಂಪು ಬಂದೇ ಬರುತ್ತದೆ. ಅದಕ್ಕೆ ಪ್ರಯೋಗಾಲಯವೇ ಬೇಕು. ಮನೆಯ ಮಟ್ಟಿಗೆ ಅರಿಶಿನದ ಕೊಂಬು ತಂದು ತೊಳೆದು ಒಣಗಿಸಿ ಬೀಸಿಕೊಳ್ಳುವುದು ಹೆಚ್ಚು ನೆಮ್ಮದಿ.

ಇಷ್ಟೆಲ್ಲ ಆದಮೇಲೆ ಗೆಳತಿಗೆ ಇಷ್ಟವಾದದ್ದು ಮೆಂಡಲೀವ್. 1869ರಲ್ಲಿ ಆತ ಆಗ ಗೊತ್ತಿದ್ದ ಅರವತ್ತಕ್ಕೂ ಹೆಚ್ಚು ಧಾತುಗಳನ್ನು ಜೋಡಿಸುತ್ತ ಕೆಲವು ಮನೆಗಳನ್ನು ಖಾಲಿ ಬಿಟ್ಟ. ಮುಂದೆ ಬರುವವರಿಗೆ ಆತ ಇಟ್ಟ ತಾತ್ಕಾಲಿಕ ಹೆಸರಿನಲ್ಲಿ ಸಂಸ್ಕೃತದ ಸಂಖ್ಯೆ ಇದೆ: ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಅಂದರೆ ಬೋರಾನ್‌ನಿಂದ ಒಂದು ಮನೆ ಕೆಳಗೆ. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಸಾಂದ್ರತೆ 4.7 ಎಂದರು. ಆ ಲೋಹವನ್ನು ಕಣ್ಣಿಂದಲೂ ಕಾಣದ ಮೆಂಡಲೀವ್, ಸರಿಯಾಗಿ ಅಳೆಯಿರಿ, 5.9ರ ಹತ್ತಿರ ಬರಬೇಕು ಎಂದು ತಿಳಿಸಿದ. ಶುದ್ಧ ಮಾಡಿ ಅಳೆದಾಗ 5.9 ಬಂತು! 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಉಳಿದೆರಡು ಮನೆಗೆ ಬಂದವು. ಗ್ಯಾಲಿಯಂ ಕರಗುವುದು 29.8 ಡಿಗ್ರಿಗೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಕಪಾಟಿನಲ್ಲೇ ನೀರಾಗುತ್ತದೆ.

ಆದರೆ ಮೆಂಡಲೀವ್ ಕಾಣದ ಒಂದು ಪೂರ್ತಿ ಓಣಿಯೇ ಇತ್ತು. ಅದರ ಕಥೆಯಲ್ಲಿ ನಮ್ಮ ನೆರೆಯ ಊರೊಂದು ಬರುತ್ತದೆ. ರಾಮದುರ್ಗ, ಲೋಕಾಪುರ, ಮುಧೋಳ ದಾಟಿದರೆ ಜಮಖಂಡಿ, ಆಗ ಪಟವರ್ಧನರ ಸಂಸ್ಥಾನ. 1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣ ಈ ಭಾಗದ ಮೇಲೆ ಹಾದುಹೋಯಿತು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹಿಡಿದು ಜಮಖಂಡಿಯಲ್ಲಿ ಕಾದಿದ್ದರು. ಶ್ರಾವಣದ ಹೊತ್ತು, ಮೋಡಗಳು ಕಾಡಿದವು. ಆದರೂ ಸಿಕ್ಕ ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕಿನಲ್ಲಿ ಅವರಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆ ಗೆರೆ ಸೋಡಿಯಂನದೆಂದು ಅವರ ಅಂದಾಜು. ಅದೇ ಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಿಂದ ನೋಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಅಳೆದಾಗ ಆ ಗೆರೆ ಸೋಡಿಯಂನ ಗೆರೆಗಳಿಂದ ತುಸು ಸರಿದು ನಿಂತಿತ್ತು. ಭೂಮಿಯ ಯಾವ ಧಾತುವಿಗೂ ಅದು ಹೊಂದಲಿಲ್ಲ. ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಕರೆದರು. ಭೂಮಿಯ ಮೇಲೆ ಅದನ್ನು ರಾಮ್ಸೆ ಹಿಡಿದದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದಿಂದ. ಹಿಂದಿನ ವರ್ಷವಷ್ಟೇ ಆರ್ಗಾನ್ ಸಿಕ್ಕಿತ್ತು. ಇಬ್ಬರಿಗೂ ಕೋಷ್ಟಕದಲ್ಲಿ ಮನೆಯಿರಲಿಲ್ಲ. ಬಲಕ್ಕೆ ಹೊಸ ಓಣಿಯನ್ನೇ ಕಟ್ಟಬೇಕಾಯಿತು.

ಕೋಷ್ಟಕದ ಒಂದನೇ ಮನೆ ಜಲಜನಕ, ಎರಡನೇ ಮನೆ ಹೀಲಿಯಂ. ಎರಡೂ ಗಾಳಿಗಿಂತ ಹಗುರ, ಎರಡರಿಂದಲೂ ಬಲೂನು ಮೇಲೇರುತ್ತದೆ. ಒಂದು ಉರಿಯುತ್ತದೆ, ಇನ್ನೊಂದು ಉರಿಯುವುದಿಲ್ಲ. ಹೀಲಿಯಂ ದುಬಾರಿ. ಆದ್ದರಿಂದ ಜಾತ್ರೆಗಳಲ್ಲಿ ಗ್ಯಾಸ್ ಬಲೂನು ಮಾರುವವರು ಬಹಳ ಸಲ ಸಿಲಿಂಡರಿನೊಳಗೇ ಅಲ್ಯೂಮಿನಿಯಂ ಪುಡಿಗೆ ಕಾಸ್ಟಿಕ್ ಸೋಡಾ ಸೇರಿಸಿ ಜಲಜನಕ ಮಾಡಿಕೊಳ್ಳುತ್ತಾರೆ. ಹೀಗೆ ಸಿಡಿದ ಸಿಲಿಂಡರುಗಳ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಬರುವ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದಾಗ ಅಂಥ ಸಿಲಿಂಡರಿನ ಪಕ್ಕ ಬೀಡಿ ಹಚ್ಚಿಕೊಂಡು ನಿಂತವರು ಕಂಡರೆ, ಮಗುವನ್ನು ಎತ್ತಿಕೊಂಡು ಆಚೆ ಸರಿಯಿರಿ.