ವಧೂವರರ ಮೊದಲ ನೃತ್ಯ

ಅಮೆರಿಕದಲ್ಲಿ ನೆಲೆಸಿದ ಮಗನಿಗೆ ಅಲ್ಲಿಯ ಕನ್ಯೆಯೊಡನೆ ವಿವಾಹ ನಿಶ್ಚಯವಾದಾಗ, ಔತಣದ ವೇಳೆ ವಧೂವರರು ಎಲ್ಲರೆದುರು ನರ್ತಿಸುವರೆಂದು ಕೇಳಿ ನಮ್ಮ ಹಿರಿಯರು ತಬ್ಬಿಬ್ಬಾಗುವುದುಂಟು. ಅದಕ್ಕೂ ವಾರಗಟ್ಟಲೆ ಶ್ರಮ ಬೇಕೆಂಬುದನ್ನು ನಾವು ಅರಿಯಬೇಕು. ಬಹುಕಾಲದಿಂದ ಮೆಚ್ಚಿಗೆ ಪಡೆದುದು ಮೂರೆಣಿಕೆಯ ವಾಲ್ಟ್ಸ್ ನೃತ್ಯ. ವರನು ಎಡಗಾಲನ್ನು ಮುಂದಿಟ್ಟಾಗ ವಧುವು ಬಲಗಾಲನ್ನು ಹಿಂದಿಡುವಳು. ಹೆಜ್ಜೆಗಿಂತಲೂ ಕಾಡುವುದು ನೆಲ ಗುಡಿಸುವ ನಿಲುವಂಗಿ, ಹೊಸ ಪಾದರಕ್ಷೆ! ಆದುದರಿಂದ ಮದುವೆಯ ಪಾದರಕ್ಷೆಯನ್ನೇ ಮೆಟ್ಟಿ, ಅಷ್ಟೇ ಉದ್ದದ ಲಂಗವುಟ್ಟು ಅಭ್ಯಾಸ ಮಾಡುವುದು ಲೇಸು. ಹಾಡು ದೀರ್ಘವಾಗಿದ್ದರೆ ಎರಡು ಮೂರು ನಿಮಿಷಕ್ಕೆ ಇಳಿಸಿಕೊಳ್ಳುವರು.

ಬಳಿಕ ವರನು ತನ್ನ ತಾಯಿಯೊಡನೆ ಹೆಜ್ಜೆ ಹಾಕುವ ರೂಢಿಯೂ ಇದೆ. ಅಂಥ ತಾಯಂದಿರಿಗೆ ನಾವು ಹೇಳುವುದಿಷ್ಟೆ: ಸೀರೆಯ ನೆರಿಗೆಯನ್ನು ಎರಡು ಬೆರಳು ಮೇಲಕ್ಕೆ ಸಿಕ್ಕಿಸಿಕೊಳ್ಳಿರಿ, ಮಗನು ನಡೆಸಿದಂತೆ ನಡೆಯಿರಿ.