ಗಣಕ ಪರದೆಯ ಖಾನೆಗಳು: ತುಂಬುವಷ್ಟೇ ಮುಖ್ಯ ತೆರವು ಮಾಡುವುದು

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ದಲಾಲಿ ಅಂಗಡಿಗಳಲ್ಲಿ ಬಿಲ್ಲು ಬರೆಯುವ ಕಾರ್ಯವು ಗಣಕಯಂತ್ರಕ್ಕೆ ವರ್ಗವಾಗಿ ಬಹುಕಾಲವಾಯಿತು. ಫಾಕ್ಸ್‌ಪ್ರೋ, ಕ್ಲಿಪ್ಪರ್ ಮುಂತಾದವುಗಳಲ್ಲಿ ಬರೆಸಿದ, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ನಡೆಯುವ ಅಕ್ಷರ ಪರದೆಯ ತಂತ್ರಾಂಶವನ್ನು ಬಿಡದ ವರ್ತಕರು ಇಂದಿಗೂ ಇದ್ದಾರೆ. ಅದು ವೇಗವುಳ್ಳದ್ದು ಎಂಬುದು ನಿಜ. ಆದರೆ ಖಾನೆಯಲ್ಲಿ ಮೊದಲೇ ಏನಿರುತ್ತದೆ, ಎಂಟರ್ ಒತ್ತಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಮಾಲೀಕರೂ ಅರಿತಿರಬೇಕು.

ಮೊದಲನೆಯದು, ಹಿಂದಿನ ಬಿಲ್ಲಿನ ಶೇಷ. ಹೊಸ ಬಿಲ್ಲು ತೆರೆದಾಗ ಖಾನೆಗಳನ್ನು ತೆರವುಗೊಳಿಸುವ ಆದೇಶವು ತಂತ್ರಾಂಶದಲ್ಲಿ ಇಲ್ಲದಿದ್ದರೆ, ಹಿಂದಿನ ಗಿರಾಕಿಯ ವಿವರವೇ ಪರದೆಯಲ್ಲಿ ಕಾಣಿಸುತ್ತದೆ. ಗುಮಾಸ್ತನು ಅದನ್ನು ನೋಡದೆ ಎಂಟರ್ ಒತ್ತಿದರೆ ಅದೇ ದಾಖಲಾಗುತ್ತದೆ.

ಎರಡನೆಯದು, ಬರೆಯುವ ಸ್ಥಿತಿ. ಖಾನೆಯಲ್ಲಿ 1248 ಎಂಬ ಹಳೆಯ ಬಿಲ್ಲಿನ ಸಂಖ್ಯೆ ಇದೆಯೆನ್ನಿ. ಅದರ ಆರಂಭದಲ್ಲಿ 97 ಎಂದು ಒತ್ತಿದರೆ, ಮೇಲೆ ಬರೆಯುವ ಸ್ಥಿತಿಯಲ್ಲಿ 9748 ಆಗುತ್ತದೆ. ನಡುವೆ ಸೇರಿಸುವ ಸ್ಥಿತಿಯಲ್ಲಿ 971248 ಆಗುತ್ತದೆ. ಇನ್ಸರ್ಟ್ ಕೀಲಿಯು ಈ ಎರಡು ಸ್ಥಿತಿಗಳನ್ನು ಅದಲುಬದಲು ಮಾಡುತ್ತದೆ. ಆದುದರಿಂದ ಹಳೆಯದನ್ನು ಪೂರ್ಣವಾಗಿ ಅಳಿಸಿದ ನಂತರವೇ ಹೊಸದನ್ನು ಬರೆಯತಕ್ಕದ್ದು.

ಮೂರನೆಯದು, ಖಾನೆಯ ಅಗಲ. 2005ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯಾಟ್ ಪದ್ಧತಿಯಲ್ಲಿ ಟಿನ್ ಸಂಖ್ಯೆಗೆ 11 ಅಂಕೆಗಳಿದ್ದವು. 2017ರ ಜುಲೈ 1ರಿಂದ ಬಂದ ಜಿಎಸ್‌ಟಿ ಸಂಖ್ಯೆಗೆ 15 ಸ್ಥಾನಗಳಿವೆ. ಪರದೆಯಲ್ಲಿ ಖಾನೆಯನ್ನು ಹಿಗ್ಗಿಸಿ ಕಡತದಲ್ಲಿ ಹಿಗ್ಗಿಸದಿದ್ದರೆ ಕೊನೆಯ ನಾಲ್ಕು ಸ್ಥಾನಗಳು ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ. ಆರಂಭದಲ್ಲಿ ಒಂದು ಖಾಲಿ ಜಾಗ ಸೇರಿದರೂ ಕೊನೆಯ ಒಂದು ಸ್ಥಾನ ನಷ್ಟವಾಗುತ್ತದೆ.

ತಂತ್ರಾಂಶ ಬರೆಯುವವರು ಇಲ್ಲಿ ಪರಿಶೀಲನೆಯನ್ನು ಅಳವಡಿಸಬಹುದು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕೆ ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಆಂಧ್ರಪ್ರದೇಶಕ್ಕೆ 37. ಮುಂದಿನ ಹತ್ತು ಸ್ಥಾನ ಪ್ಯಾನ್ ಸಂಖ್ಯೆ. ಅದರಲ್ಲಿ ಐದು ಅಕ್ಷರ, ನಾಲ್ಕು ಅಂಕೆ, ಒಂದು ಅಕ್ಷರ. ಹೀಗಾಗಿ 'ಓ' ಅಕ್ಷರದ ಸ್ಥಾನದಲ್ಲಿ ಸೊನ್ನೆ ಬಿದ್ದರೆ ಯಂತ್ರವೇ ತಡೆಯಬಲ್ಲದು. ಕೊನೆಯ ಸ್ಥಾನವು ಇಡೀ ಸಂಖ್ಯೆಯ ತಾಳೆಗಾಗಿಯೇ ಇದೆ.

ಆದರೆ ಹಿಂದಿನ ಗಿರಾಕಿಯ ಸಂಖ್ಯೆ ಉಳಿದುಬಿಟ್ಟರೆ ಯಾವ ತಾಳೆಯೂ ಅದನ್ನು ಹಿಡಿಯದು, ಏಕೆಂದರೆ ಆ ಸಂಖ್ಯೆ ಸ್ವತಃ ಸರಿಯಾಗಿಯೇ ಇದೆ! ಸರಕು ಒಬ್ಬರಿಗೆ, ಬಿಲ್ಲು ಇನ್ನೊಬ್ಬರ ಲೆಕ್ಕಕ್ಕೆ. 2022ರ ಜನವರಿ 1ರಿಂದ, ಮಾರಾಟಗಾರನು ಜಿಎಸ್‌ಟಿಆರ್-1ರಲ್ಲಿ ಸಲ್ಲಿಸಿದ ಬಿಲ್ಲು ಖರೀದಿದಾರನ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸದಿದ್ದರೆ ಅವನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ತಪ್ಪನ್ನು ತಿದ್ದಲು ಮುಂದಿನ ಆರ್ಥಿಕ ವರ್ಷದ ನವೆಂಬರ್ 30ರವರೆಗೆ, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಅವಕಾಶ. ಅಷ್ಟರೊಳಗೆ ಗಿರಾಕಿಯ ವಿಶ್ವಾಸ ಕೆಟ್ಟಿರುತ್ತದೆ.

ಆದಕಾರಣ ವರ್ತಕ ಬಾಂಧವರು ತಮ್ಮ ತಂತ್ರಾಂಶದವರಿಗೆ ಮೂರು ಸೂಚನೆ ನೀಡುವುದು ಒಳಿತು. ಹೊಸ ಬಿಲ್ಲಿನಲ್ಲಿ ದಿನಾಂಕದ ಹೊರತು ಗಿರಾಕಿಯ ಎಲ್ಲ ಖಾನೆಗಳೂ ಖಾಲಿಯಾಗಿ ತೆರೆಯಲಿ. ಸಂಖ್ಯೆಯ ಖಾನೆಯಿಂದ ಹೊರಡುವ ಮುನ್ನ ಪರಿಶೀಲನೆ ನಡೆಯಲಿ. ಉಳಿಸುವ ಮುನ್ನ ಗಿರಾಕಿಯ ಹೆಸರು ಮತ್ತು ಸಂಖ್ಯೆ ಒಟ್ಟಿಗೆ ತೋರಲಿ. ಗುಮಾಸ್ತರಿಗೆ ಒಂದೇ ಸೂಚನೆ ಸಾಕು: ಕಣ್ಣು ಖಾನೆಯ ಮೇಲಿದ್ದಾಗ ಮಾತ್ರ ಬೆರಳು ಎಂಟರ್ ಮೇಲಿರಲಿ.