ಕೇಳುವವರಿಲ್ಲದ ಮಾತು

ಹಿಂದೆ ಉಮೇದುವಾರನಾದವನು ಇಸ್ತ್ರಿಯ ಅಂಗಿ ತೊಟ್ಟು, ಸರ್ಟಿಫಿಕೇಟುಗಳನ್ನು ಬಗಲಲ್ಲಿಟ್ಟು, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ನಾಲ್ವರ ಮುಂದೆ ಕುಳಿತು ಬರುತ್ತಿದ್ದನು. ಈಗ ಕೆಲವು ಸಂಸ್ಥೆಗಳು ಅವನನ್ನು ಕರೆಯುವ ಮೊದಲು ಅವನ ಮಾತನ್ನಷ್ಟೇ ತರಿಸಿಕೊಳ್ಳುತ್ತವೆ. ಪರದೆಯ ಮೇಲೆ ಪ್ರಶ್ನೆಯೊಂದು ಮೂಡುತ್ತದೆ. ಗೊತ್ತಾದ ನಿಮಿಷಗಳೊಳಗೆ ಉತ್ತರ ಹೇಳಿ, ಆ ವಿಡಿಯೊವನ್ನು ಕಳುಹಿಸಬೇಕು. ಸಂವಹನ ಸಾಮರ್ಥ್ಯವನ್ನು ಇದರಿಂದ ಅಳೆಯುವರಂತೆ. ಪ್ರಯಾಣದ ಖರ್ಚೂ ಒಂದು ದಿನದ ಕೂಲಿಯೂ ಉಳಿಯುವುದು ನಿಜ, ಅಷ್ಟರಮಟ್ಟಿಗೆ ಉಪಕಾರವೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಈ ತಾಲ್ಲೂಕುಗಳ ಮಕ್ಕಳಿಗೆ ಪಾಠ ಹೇಳುವವನು ನಾನು. ಇವರು ಮಾತಿಗೆ ಬಡವರಲ್ಲ. ನಾಗಮಂಗಲದ ಕಡೆಯ ಹುಡುಗಿಯೊಬ್ಬಳು, ಹಾಲಿನಲ್ಲಿ ಫ್ಯಾಟು ಕಡಮೆಯೆಂದು ತೋರಿಸಿದ ಡೈರಿಯವರೊಡನೆ ವಾದಿಸಿ ಮರುಪರೀಕ್ಷೆ ಮಾಡಿಸಿದ ಕಥೆಯನ್ನು ಹೇಳಿದಾಗ ಇಡೀ ತರಗತಿಯೇ ಕಿವಿಯಾಗಿತ್ತು. ಅವಳೇ ಕಳೆದ ವರ್ಷ ನಮ್ಮ ವಿಭಾಗದ ಕೋಣೆಯಲ್ಲಿ, ನಿಘಂಟಿನ ಸಂಪುಟಗಳಿಗೆ ಫೋನನ್ನು ಒರಗಿಸಿ, ಇಂಗ್ಲಿಷಿನಲ್ಲಿ ಉತ್ತರಿಸಲು ನಿಂತಳು. ಮೂರನೆಯ ವಾಕ್ಯಕ್ಕೆ ಮಾತು ಕಟ್ಟಿತು.

“ಸಾರ್, ನೀವು ಫೋನಿನ ಹಿಂದೆ ನಿಂತ್ಕೊಳಿ. ನಿಮಗೇ ಹೇಳ್ತೀನಿ” ಎಂದಳು.

ಮತ್ತೊಮ್ಮೆ ಪ್ರಯತ್ನಿಸಲು ಅವಕಾಶವಿತ್ತು. ನಿಂತೆನು. ನಾನು ತಲೆದೂಗಿದಂತೆಲ್ಲ ಮಾತು ಹರಿಯಿತು.

ಮಾತೆಂಬುದು ಇಬ್ಬರ ನಡುವಿನ ವ್ಯವಹಾರವಷ್ಟೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಪ್ರಬಂಧ ಬರೆದದ್ದೂ ಓದುಗನನ್ನು ಎದುರಿಗೆ ಕೂರಿಸಿಕೊಂಡ ಧಾಟಿಯಲ್ಲಿಯೇ. ಕೇಳುವವನ ಹುಬ್ಬು ಮೇಲೇರಿದರೆ ಮಾತನ್ನು ತಿದ್ದಿಕೊಳ್ಳುತ್ತೇವೆ. ಗಾಜಿನ ಕಣ್ಣಿಗೆ ಹುಬ್ಬೆಲ್ಲಿ? ಅಲ್ಲಿ ಪರೀಕ್ಷೆಯಾಗುವುದು ಕೋಣೆಯ ಬೆಳಕು, ಫೋನಿನ ಬೆಲೆ, ಹಾಗೂ ಉಚ್ಚಾರಣೆ. ನಮ್ಮ ಕಡೆಯ ಆಡುಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಅದರಿಂದ ಡೈರಿಯಲ್ಲಿ ಯಾರಿಗೂ ಅರ್ಥವಾಗದೆ ಉಳಿದದ್ದಿಲ್ಲ.

ಇಂಥ ವಿಡಿಯೊಗಳನ್ನು ಕೆಲವೆಡೆ ಯಂತ್ರವೇ ತೂಗುವುದುಂಟು. ಮುಖಭಾವಕ್ಕೂ ಅಂಕ ಕೊಡುತ್ತಿದ್ದ ಅಮೆರಿಕದ ಹೈರ್‌ವ್ಯೂ ಸಂಸ್ಥೆ, ಆ ಪದ್ಧತಿಯನ್ನು ಬಿಟ್ಟಿರುವುದಾಗಿ 2021ರಲ್ಲಿ ಪ್ರಕಟಿಸಿತು. ಅಲ್ಲಿನ ಇಲಿನಾಯ್ ರಾಜ್ಯದಲ್ಲಿ 2020ರಿಂದ ಕಾನೂನೇ ಇದೆ: ಯಂತ್ರದಿಂದ ಪರಿಶೀಲಿಸುವುದಾದರೆ ಉಮೇದುವಾರನಿಗೆ ಮೊದಲೇ ತಿಳಿಸಿ, ಅದರ ಬಗೆಯನ್ನು ವಿವರಿಸಿ, ಒಪ್ಪಿಗೆ ಪಡೆಯಬೇಕು. ನಮ್ಮ ಹುಡುಗಿಗೆ ಅಳೆದವರು ಮನುಷ್ಯರೋ ಯಂತ್ರವೋ ಎಂಬುದೂ ತಿಳಿಯಲಿಲ್ಲ. ಬಂದದ್ದು ಒಂದು ಸಾಲಿನ ನಿರಾಕರಣೆ, ಕಾರಣವಿರಲಿಲ್ಲ.

ಅವಳು ಈಗ ಬೇರೊಂದು ಕಡೆ ಅರ್ಜಿ ಹಾಕಿದ್ದಾಳೆ. ಶನಿವಾರ ನಾಲ್ಕು ಗಂಟೆಗೆ ಫೋನಿನ ಹಿಂದೆ ನಿಲ್ಲಬೇಕೆಂದು ನನಗೆ ಹೇಳಿಕಳುಹಿಸಿದ್ದಾಳೆ.